ಹಿಂದೆ ಚಾಚಿದ ಕೈ

ಆಸ್ಪತ್ರೆಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ದರ್ಜಿಯ ಕಿವಿಗೆ ಪಕ್ಕದ ಅಕ್ಕ-ತಮ್ಮನ ಮಾತು ಬಿತ್ತು. ಫೈಟಿಂಗ್ ಗೇಮ್‌ಗೆ ತಾನು ರೂಪಿಸಿದ ಹೆಣ್ಣು ಜಟ್ಟಿಯನ್ನು ತಮ್ಮ ಅಕ್ಕನಿಗೆ ಮೊಬೈಲಿನಲ್ಲಿ ತೋರಿಸುತ್ತಿದ್ದ.

“ಒಂದೊಂದು ಏಟೂ ಚೆನ್ನಾಗಿದೆ ಕಣಕ್ಕಾ. ಆದ್ರೆ ಒಬ್ಬಳೇ ಹೊಡೆದ ಹಾಗಿಲ್ಲ, ನಾಲ್ಕು ಜನ ಹೊಡೆದ ಹಾಗಿದೆ. ಸರಿಹೋಗದಿದ್ರೆ ನಾಳೆ ಆಫೀಸಲ್ಲಿ ಇವಳನ್ನೇ ಗೇಮಿಂದ ತೆಗೆದುಹಾಕ್ತಾರೆ.”

“ಇಲ್ಯಾಕೋ ಎಡಗೈ ಹಿಂದಿದೆ?”

“ಯಾಕೋ ಹಾಗೇ ಬಂದ್ಬಿಡ್ತು. ತಿದ್ತೀನಿ.”

“ತಿದ್ಬೇಡ. ಬೆನ್ನ ಹಿಂದೆ ಯಾರನ್ನೋ ಇಟ್ಕೊಂಡು ಕಾಪಾಡ್ತಿದಾಳೆ ಅಂದ್ಕೋ. ಎಲ್ಲಾ ಏಟೂ ಒಂದೇ ಕೈಯಲ್ಲಿ ಹೊಡೀಲಿ.”

“ಹಾಗಾದ್ರೆ ಹಾರಿ ಒದೆಯೋ ಹಾಗಿಲ್ಲ.”

“ಹೇಗೆ ಹಾರ್ತಾಳೆ? ಬಿಟ್ಟು ಹೋಗೋಕಾಗಲ್ವಲ್ಲ.”

“ಹಿಂದಿರೋದು ಯಾರಕ್ಕಾ?”

“ನಂಗೇನೋ ಗೊತ್ತು? ಜಟ್ಟಿ ನಿನ್ನವಳು.”

ಒಳಗಿಂದ ಅಕ್ಕನನ್ನು ಕರೆದರು. ಇಬ್ಬರೂ ಏಳುವಷ್ಟರಲ್ಲಿ ಸ್ಟ್ರೆಚರ್ ಒಂದು ರಭಸದಿಂದ ನುಗ್ಗಿ ಬಂತು. ಅಕ್ಕನ ಎಡಗೈ ತಾನಾಗಿಯೇ ಹಿಂದೆ ಚಾಚಿ, ಆರಡಿ ಎತ್ತರದ ತಮ್ಮನನ್ನು ಬೆನ್ನ ಮರೆಗೆ ಸರಿಸಿತು.

ತಮ್ಮ ಆ ಕೈಯನ್ನೇ ನೋಡುತ್ತಾ ಅವಳ ಹಿಂದೆ ಹೋದ.