ಮೊದಲು ಫ್ಲೈಓವರ್

ಜಿಗಣಿ ಬಸ್ಸಿಗೆ ಕಾಯುತ್ತಿದ್ದ ಮುರಳಿಯ ಪಕ್ಕ, ಹೊಸ ಲೇಔಟಿನ ಗೇಟಿನೆದುರು, ಅನುಸೂಯಮ್ಮ ಹಾಲಿನ ಚೊಂಬು ಹಿಡಿದು ನಿಂತಿದ್ದಳು. ಜೊತೆಗೆ ಅವಳ ಮೈದುನ ಹನುಮಯ್ಯ. ವಾಚ್‌ಮನ್ ಇಬ್ಬರನ್ನೂ ಒಳಗೆ ಬಿಟ್ಟಿರಲಿಲ್ಲ.

“ಅಸೆಂಬ್ಲಿ ಶುರುವಾಯ್ತೇನಪ್ಪ?”

“ಇವತ್ತೇ ಕಣತ್ಗೆ.”

“ಈ ಲೇಔಟ್ನೋರು ಒಳಗೆ ಹಾಕ್ಕೊಂಡ ನಮ್ಮೂರ ಸ್ಮಶಾನ ಬಿಡಿಸ್ಕೊಡೋ ಮಾತೇ ಮೊದ್ಲು ಎತ್ತೀನಿ ಅಂದಿದ್ರಲ್ಲ ಎಮ್ಮೆಲ್ಲೆ?”

“ಈಗ ಮೊದ್ಲು ಫ್ಲೈಓವರ್ ಅಂತೆ.”

“ಮಣ್ಣು ಮಾಡೋಕೆ ಜಾಗ ಇಲ್ದೆ ನಿಮ್ಮಣ್ಣನ್ನ ಕರೆಂಟಲ್ಲಿ ಸುಟ್ವಿ ಅಂತ ಗೊತ್ತಿಲ್ವಾ ಅವ್ರಿಗೆ?”

“ಗೊತ್ತಿಲ್ದೆ ಏನು? ಹಾರ ಹಾಕಿ ಫೋಟೋ ತೆಗೆಸ್ಕೊಂಡು ಹೋದ್ರಲ್ಲ.”

“ಮೂರನೇ ದಿನದ ಹಾಲುತುಪ್ಪ ಕಣಪ್ಪ. ಸಮಾಧಿನೇ ಇಲ್ಲ, ಎಲ್ಲಿ ಬಿಡಾನ?”

“ಒಳಗೆ ನಮ್ಮವ್ವನ ಸಮಾಧಿ ಐತಲ್ಲ. ಗೋಡೆ ಈಚೆಗೇ ಬಿಡಾನ. ಅವ್ವ ಅಣ್ಣಂಗೆ ಕೊಡ್ತಾಳೆ.”

ಇಬ್ಬರೂ ಗೋಡೆ ಪಕ್ಕದಲ್ಲೇ ನಡೆದುಹೋದರು. ಮುರಳಿ ಅವರು ಹೋದ ಕಡೆಗೇ ನೋಡುತ್ತ ನಿಂತಿದ್ದ. ಬಸ್ಸು ಬಂದರೂ ಹತ್ತಲಿಲ್ಲ.