ಚೀಟಿ ಓದುವವಳ ಉತ್ತರ

ಅಧ್ಯಕ್ಷರೇ, ಅತಿಥಿಗಳೇ, ನಗರಸಭೆಯ ಸದಸ್ಯರೂ ನನ್ನ ಒಡಹುಟ್ಟಿದವರೂ ಆದ ಅಣ್ಣನವರೇ, ಸಭಿಕರೇ,

ಸನ್ಮಾನಕ್ಕೆಂದು ಕರೆದಿದ್ದೀರಿ, ಇವತ್ತು ನನ್ನ ಉಪವಾಸ. ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನಾ ಮಂದಿರದ ನೆಲ ಒರೆಸಿ, ಬತ್ತಿ ಬದಲಿಸಿ, ಚಾಪೆ ಕೊಡವಿ ಬಂದಿದ್ದೇನೆ. ಖಾಲಿ ಹೊಟ್ಟೆಯವಳ ಕೈಗೆ ಮೈಕು ಕೊಟ್ಟಿದ್ದೀರಿ, ನುಂಗಿಬಿಟ್ಟರೆ ಬೈಯಬೇಡಿ.

ಮಂದಿರದಲ್ಲಿ ಹತ್ತೊಂಬತ್ತು ವರ್ಷಗಳಿಂದ ನನ್ನ ಕೆಲಸ ಚೀಟಿ ಓದುವುದು. ಜನ ತಮ್ಮ ಕಷ್ಟ ಬರೆದು ಡಬ್ಬಿಗೆ ಹಾಕುತ್ತಾರೆ. ನಾನು ಗಟ್ಟಿಯಾಗಿ ಓದುತ್ತೇನೆ, ಎಲ್ಲರೂ "ಹಾಗೇ ಆಗಲಿ" ಎನ್ನುತ್ತಾರೆ. ಮೊಣಕಾಲು ನೋವು, ಮಗುವಿನ ಜ್ವರ, ಸೊಸೆಯ ಹೆರಿಗೆ. ಒಮ್ಮೆ ಯಾರೋ ಅತ್ತೆಯ ಬಾಯಿ ಕಡಿಮೆಯಾಗಲಿ ಎಂದು ಬರೆದಿದ್ದರು. ಅದನ್ನೂ ಓದಿದೆ. ಆ ಅತ್ತೆಯೇ ಎಲ್ಲರಿಗಿಂತ ಗಟ್ಟಿಯಾಗಿ "ಹಾಗೇ ಆಗಲಿ" ಅಂದರು!

ಹೋದ ಚುನಾವಣೆಗೆ ನಾಲ್ಕು ದಿನ ಮುಂಚೆ ಡಬ್ಬಿಯಲ್ಲೊಂದು ಚೀಟಿ ಸಿಕ್ಕಿತು. ಅಣ್ಣನ ಹೆಸರು, ಅದರ ಮುಂದೆ "ಗೆಲುವಿಗಾಗಿ". ಅಕ್ಷರ ಯಾರದೆಂದು ನನಗೆ ತಿಳಿಯದೆ? ಚಿಕ್ಕಂದಿನಲ್ಲಿ ನನ್ನ ಕೈ ಹಿಡಿದು ತಿದ್ದಿಸಿದ ಅಕ್ಷರ. ಅಣ್ಣಾ, ತಲೆ ತಗ್ಗಿಸಬೇಡಿ, ಓದಿದವಳು ನಾನು. ಅಭ್ಯಾಸಬಲ ಎಂದು ಆಮೇಲೆ ಸಮಾಧಾನ ಹೇಳಿಕೊಂಡೆ. ಬರೀ ಅಭ್ಯಾಸವೆ? ನನ್ನಣ್ಣ ಗೆಲ್ಲಲಿ ಎಂಬ ಆಸೆ ಇರಲಿಲ್ಲವೆ? ಇತ್ತು.

ಮಂದಿರವೆಲ್ಲ "ಹಾಗೇ ಆಗಲಿ" ಎಂದಿತು. ಮೂರನೇ ಸಾಲಿನಲ್ಲಿ ಗುಂಡಿಯಮ್ಮ ಕೂತಿದ್ದರು. ಬೀದಿಯವರ ಅಂಗಿಗೆಲ್ಲ ಗುಂಡಿ ಹೊಲಿದುಕೊಡುವ ಹಿರಿಯರು. ಅಣ್ಣನ ಎದುರು ನಿಂತಿದ್ದವನು ಅವರ ಮಗ. ಅವರ ಬಾಯಿಂದಲೂ "ಹಾಗೇ ಆಗಲಿ" ಬಂತು. ಬಂದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮರುದಿನ ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: "ಹೆತ್ತ ಮಗನ ಸೋಲನ್ನ ದೇವ್ರ ಮುಂದೆ ನನ್ ಬಾಯಿಂದ್ಲೇ ಹೇಳಿಸ್ದೆಯಲ್ಲೇ ತಾಯಿ! ವೋಟು ಬೇಕಿದ್ರೆ ನೆಟ್ಟಗೆ ಕೇಳ್ಬಾರ್ದಿತ್ತಾ? ಕೊಡಲ್ಲ ಅಂತಿದ್ದೆ, ಮುಗೀತಿತ್ತು."

ಅಂದಿನಿಂದ ಅವರು ಮಂದಿರದ ಮೆಟ್ಟಿಲು ಹತ್ತಿಲ್ಲ. ಈಗ ಹಾಸಿಗೆ ಹಿಡಿದಿದ್ದಾರಂತೆ; ಅವರ ಹೆಸರಿನ ಚೀಟಿ ಡಬ್ಬಿಗೆ ಬಂದಿಲ್ಲ.

ಸಭಿಕರೇ, ಚುನಾವಣೆಯೆಂದರೆ ಒಬ್ಬರು ಸೋಲಲೇಬೇಕು. ಪ್ರಾರ್ಥನೆಯಲ್ಲಿ ಯಾರಾದರೂ ಸೋಲಬೇಕೆ?

ಮುಂದಿನ ಚುನಾವಣೆಯಲ್ಲಿ ಮಹಿಳಾ ಮೀಸಲು ಸ್ಥಾನಕ್ಕೆ ನಾನೇ ಅಭ್ಯರ್ಥಿ ಎಂದು ಅಧ್ಯಕ್ಷರು ಈಗಷ್ಟೇ ಹೇಳಿದರು. ನೀವು ಚಪ್ಪಾಳೆ ಹೊಡೆದಿರಿ. ನನಗೆ ಬೆವರು ಕಿತ್ತುಕೊಂಡು ಬಂತು. ನಿನ್ನೆ ಅಣ್ಣ, "ನೀನು ಚೀಟಿ ಓದೋಳು ಕಣೇ, ಇಡೀ ಬೀದಿ ನಿನ್ ಹಿಂದೆ ಬರತ್ತೆ. ನಾಳೆ ಒಪ್ಕೊಂಡೆ ಅಂತ ಒಂದ್ ಮಾತು ಹೇಳು, ಸಾಕು" ಅಂದರು. ನಾನು ಹೆದರಿದ್ದು ಆ ಮಾತಿಗೇ. ಬೀದಿ ಬಂದೇ ಬಂದರೆ ಏನು ಮಾಡಲಿ? ಅಣ್ಣನಿಗೆ ಎದುರಾಡಿ ಅಭ್ಯಾಸವಿಲ್ಲದವಳು ನಾನು. ಅದಕ್ಕೇ ಉತ್ತರವನ್ನು ಮನೆಯಲ್ಲೇ ಬರೆದು ತಂದೆ. ಒಂದೇ ಸಾಲು: ಚೀಟಿ ಓದುವ ಬಾಯಿ ವೋಟು ಕೇಳಬಾರದು.

ಹೊದಿಸಿದ ಶಾಲಿಗೆ, ಕೇಳಿದ ಕಿವಿಗಳಿಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನ ಕುರ್ಚಿಯ ಮೇಲೆ ನನ್ನ ಚೀಲವಿದೆ. ಯಾರಾದರೂ ಅದರಲ್ಲಿರುವ ಆ ಉತ್ತರದ ಚೀಟಿ ತಂದು ಅಣ್ಣನ ಕೈಗೆ ಕೊಟ್ಟುಬಿಡಿ. ನಾನೇ ಕೊಡಹೋದರೆ ಅವರ ಮುಖ ನೋಡಿ ಮತ್ತೆ ಒಳಗಿಟ್ಟುಕೊಂಡೇನು.