ಎದುರು ಮನೆಯ ಸ್ಟೀಲ್ ಡಬ್ಬಿ

ಇದು ಪುರಾಣ ಕಾಲದ ಕಥೆಯಲ್ಲ, ಮೊನ್ನೆ ಮೊನ್ನೆಯದು. ಒಂದು ಊರು, ಆ ಊರಿನಲ್ಲೊಬ್ಬ ಶ್ರೀಮಂತ. ಎಂಟು ಅಂತಸ್ತಿನ ಕಟ್ಟಡದಲ್ಲಿ ಮನೆ, ಮನೆ ತುಂಬ ಸಾಮಾನು. ಮಾತಾಡುವವರು? ಯಾರೂ ಇಲ್ಲ. ಹೆಂಡತಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ಆ ಹೆಣ್ಣುಮಗಳು ಕಾಯಿಲೆ ಬಿದ್ದು ಮಲಗಿದ್ದಾಗ, ಈ ಮನುಷ್ಯನಿಗೆ ಮನೆಯ ಸಂಗತಿ ಒಂದೂ ತಿಳಿಯದಲ್ಲ ಎಂದು, ಯಾವುದು ಎಲ್ಲಿದೆ, ಏನೇನು ಮಾಡಬೇಕು ಎಂಬುದನ್ನೆಲ್ಲ ಅವನ ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. ದಿನಾ ಸಂಜೆ ದೀಪ ಹಚ್ಚಿ ಅದನ್ನು ಕೇಳುವನು. ಅವನಿಗಿದ್ದ ಸಂಗಾತಿ ಅದೊಂದೇ, ನೋಡಿ.

ಆಕೆಯ ವರ್ಷದ ತಿಥಿಗೆ ಒಂದು ದಿನ ಇದೆ ಎನ್ನುವಾಗ ಲ್ಯಾಪ್‌ಟಾಪಿನ ಚಾರ್ಜರ್ ಸುಟ್ಟುಹೋಯಿತು. ತಿಥಿಯ ದಿನವೇ ಆಕೆಯ ದನಿ ಕೇಳದಿದ್ದರೆ ಹೇಗೆ? ಫೋನಿನ ಚಾರ್ಜರ್ ತಂದು ಚುಚ್ಚಿದ. ಪಿನ್ ಸರಿಯಾಗಿ ಕೂತಿತು, ಚಾರ್ಜ್ ಆಗುವ ಗುರುತೂ ಬಂತು. ಸದ್ಯ ಎಂದು ಉಸಿರುಬಿಟ್ಟ. ಬ್ಯಾಟರಿ ಹತ್ತು ಪರ್ಸೆಂಟ್ ಇದ್ದದ್ದು ಎಂಟಾಯಿತು, ಮೂರಾಯಿತು, ಲ್ಯಾಪ್‌ಟಾಪ್ ಆರಿಹೋಯಿತು.

ಎರಡನ್ನೂ ಎತ್ತಿಕೊಂಡು ಅಂಗಡಿಗೆ ಓಡಿದ. ಅಂಗಡಿಯವನು ಹೇಳಿದ: "ಸಿ ಪಿನ್ ನೋಡೋಕೆ ಎಲ್ಲಾ ಒಂದೇ ಸರ್. ಇದು ಹದಿನೈದು ವಾಟು, ನಿಮ್ಮದಕ್ಕೆ ಅರವತ್ತೈದು ಬೇಕು. ತರಿಸೋಕೆ ಎರಡು ದಿನ ಆಗುತ್ತೆ. ಅಕ್ಕಪಕ್ಕದವರನ್ನ ಕೇಳಿ ನೋಡಿ."

ಅಕ್ಕಪಕ್ಕದವರು! ಆರು ವರ್ಷದಿಂದ ಇದ್ದಾನೆ, ಎದುರು ಮನೆಯಾಕೆಯ ಹೆಸರು ಗೊತ್ತಿಲ್ಲ. ಆ ಬಳಕೆಯೆಲ್ಲ ಹೆಂಡತಿಯದು. ನಗಬೇಡಿ, ನಿಮ್ಮ ಎದುರು ಮನೆಯವರ ಹೆಸರು ನಿಮಗೆ ಗೊತ್ತಿದೆಯೇ?

ಎರಡು ಸಲ ಬಾಗಿಲವರೆಗೆ ಹೋಗಿ ಹಿಂದೆ ಬಂದ. ಮೂರನೆಯ ಸಲ ಬೆಲ್ ಒತ್ತಿದ. ತೆರೆದದ್ದು ವಯಸ್ಸಾದ ಹೆಂಗಸು. ಚಾರ್ಜರ್ ಇತ್ತು, ಬೇಕಾದ ವಾಟಿನದೇ. ಇಲ್ಲೇ ಹಾಕಿ ನೋಡಿ ಎಂದು ಆಕೆ ಕುರ್ಚಿ ಎಳೆದುಕೊಟ್ಟಳು. ಲ್ಯಾಪ್‌ಟಾಪ್ ಆನ್ ಆಯಿತು. ಆಗುತ್ತದೋ ಇಲ್ಲವೋ ಎಂದು ರೆಕಾರ್ಡಿಂಗ್ ಹಾಕಿದ. ಹಿಂದಿನ ದಿನ ನಿಂತಲ್ಲಿಂದಲೇ ಹೆಂಡತಿಯ ದನಿ ಶುರುವಾಯಿತು.

"ಎದುರು ಮನೆ ಅಮ್ಮನ ಸ್ಟೀಲ್ ಡಬ್ಬಿ ಸಿಂಕಿನ ಮೇಲಿನ ಕಪಾಟಲ್ಲಿದೆ ಕಣ್ರೀ. ಖಾಲಿ ಕೊಡಬೇಡಿ, ಸಕ್ಕರೆ ಹಾಕಿ ಕೊಡಿ. ಬಾಗಿಲಲ್ಲೇ ನಿಂತು ಬಂದುಬಿಡಬೇಡಿ, ಸ್ವಲ್ಪ ಹೊತ್ತು ಕೂತಿರಿ. ಅವರೂ ಒಬ್ರೇ ಇರೋದು."

ಒಂದು ವರ್ಷ ದಿನಾ ಕೇಳಿದ್ದಾನೆ, ಸ್ವಾಮಿ. ದನಿ ಕೇಳಿ ಅತ್ತಿದ್ದಾನೆ, ಹೇಳಿದ್ದನ್ನು ಮಾಡಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಕೂತ. ಆ ಹೆಂಗಸು ಡಬ್ಬಿಯ ಮಾತೇ ಎತ್ತಲಿಲ್ಲ. "ಇನ್ನೊಂದು ಸಲ ಹಾಕಿ. ಈ ಮನೇಲಿ ಇನ್ನೊಬ್ಬರ ದನಿ ಕೇಳಿ ತುಂಬ ದಿನ ಆಯ್ತು" ಎಂದಳು. ಎರಡು ಬಾಗಿಲ ನಡುವೆ ಇದ್ದದ್ದು ನಾಲ್ಕು ಹೆಜ್ಜೆ. ನಾಲ್ಕೇ ಹೆಜ್ಜೆ!

ನಾವು ಮಾಡುವುದೂ ಇದನ್ನೇ ಅಲ್ಲವೇ? ಪ್ರವಚನಕ್ಕೆ ಬರುತ್ತೇವೆ, ಕಣ್ಣೊರೆಸಿಕೊಳ್ಳುತ್ತೇವೆ, ತುಂಬಿಕೊಂಡೆವು ಎಂದು ಮನೆಗೆ ಹೋಗುತ್ತೇವೆ. ಪಿನ್ ಕೂತಿದೆ, ಗುರುತು ಬಂದಿದೆ, ಒಳಗಿನ ಚಾರ್ಜ್ ಮಾತ್ರ ಇಳಿಯುತ್ತಲೇ ಇದೆ. ಇವತ್ತು ಇಲ್ಲಿಂದ ಎದ್ದವರು ನೇರ ಅಡಿಗೆಮನೆಗೆ ಹೋಗಿ. ಯಾರದೋ ಒಂದು ಡಬ್ಬಿ ಇದ್ದೇ ಇರುತ್ತದೆ. ಸಕ್ಕರೆ ಹಾಕಿ, ಬೆಲ್ ಒತ್ತಿ, ಹೆಸರು ಕೇಳಿ, ಕೂತುಕೊಳ್ಳಿ. ನನ್ನ ಮಾತೆಲ್ಲ ಮರೆತರೂ ಬೇಸರವಿಲ್ಲ. ಬಾಗಿಲು ತೆರೆಯಲು ಆ ಕಡೆ ಒಬ್ಬರು ಇರುವಾಗಲೇ ಹೋಗಿ.